ಸುತ್ತಿಗೊಂದು ಸ್ಟ್ರಿಪ್

ಗ್ಲುಕೋಮೀಟರಿಗೆ ಹಾಕುವ ಒಂದು ಸ್ಟ್ರಿಪ್ಪಿಗೆ ಕೊರೊನಾಕ್ಕೆ ಮುಂಚೆ ಹೆಚ್ಚುಕಡಿಮೆ ಇಪ್ಪತ್ತು ರೂಪಾಯಿ. ಒಂದು ಹನಿ ರಕ್ತ ಹೀರಿ, ಒಂದು ಸಂಖ್ಯೆ ತೋರಿಸಿ ಅದು ಕಸದ ಬುಟ್ಟಿ ಸೇರುತ್ತದೆ. ವಯಸ್ಸಾದ ಮೇಲೆ ಶುಗರ್ ಬಂದು ಮಾತ್ರೆಯಲ್ಲಿರುವವರು ಅಪರೂಪಕ್ಕೊಮ್ಮೆ ನೋಡಿಕೊಂಡು ಕಾಲ ಹಾಕಬಹುದು. ಟೈಪ್ ಒನ್ ಶುಗರ್ ಬಂದ ಮಕ್ಕಳಿಗೆ ಅದು ಆಗದ ಮಾತು. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಅವರ ದೇಹವೇ ಕೊಂದುಹಾಕಿರುತ್ತದೆ. ತಿಂದ ಸಿಹಿಗೂ ಅದಕ್ಕೂ ಸಂಬಂಧವಿಲ್ಲ, ತಾಯಿ ಬಸುರಿಯಲ್ಲಿ ಏನೋ ತಿಂದಳೆಂಬುದೂ ಸುಳ್ಳು. ಹೊರಗಿನಿಂದ ಇನ್ಸುಲಿನ್ ಚುಚ್ಚಲೇಬೇಕು, ದಿನಾ, ಬದುಕಿರುವಷ್ಟು ಕಾಲ. ಎಷ್ಟು ಚುಚ್ಚಬೇಕೆಂದು ತಿಳಿಯಲು ದಿನಕ್ಕೆ ನಾಲ್ಕು ಸಲವಾದರೂ ಬೆರಳಿನ ರಕ್ತ ನೋಡಬೇಕು. ಔಷಧಿ ಕಡಿಮೆಯಾದರೆ ಸಕ್ಕರೆ ಏರಿ ಮಗು ಆಸ್ಪತ್ರೆ ಸೇರುತ್ತದೆ, ಹೆಚ್ಚಾದರೆ ಸಕ್ಕರೆ ಇಳಿದು ಎಚ್ಚರ ತಪ್ಪುತ್ತದೆ. ನಾಲ್ಕು ಸ್ಟ್ರಿಪ್ಪು ಎಂದರೆ ಆಗ ಎಂಬತ್ತು ರೂಪಾಯಿ. ಹೂ ಮಾರುವ ಹೆಂಗಸಿಗೆ ಕೆಲವು ದಿನ ಅಷ್ಟು ಲಾಭವೇ ಬರುತ್ತಿರಲಿಲ್ಲ.

ಹೂ ಮಾರುವ ಹೆಂಗಸು ಎಂದದ್ದು ನಮ್ಮ ಬೀದಿಯ ತಿರುವಿನಲ್ಲಿ ಕೂರುವವಳನ್ನು ನೆನೆದು. ಅವಳ ಮಗನಿಗೆ ಎಂಟು ವರ್ಷಕ್ಕೆ ಈ ಕಾಯಿಲೆ ಬಂತು. ಏಪ್ರಿಲ್ಲಿನ ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಮೇಲೆ ಸಿಮೆಂಟ್ ಶೀಟು, ಒಳಗೆ ಧಗೆ. ಫ್ರಿಜ್ ಇಲ್ಲ. ಮೂಲೆಯಲ್ಲಿ ಅಗಲ ಬಾಯಿಯ ಮಡಕೆ, ಅದರಲ್ಲಿ ಒದ್ದೆ ಮರಳು, ಮರಳಿನಲ್ಲಿ ಅರ್ಧ ಹೂತ ಒಂದು ಕುಡಿಕೆ, ಕುಡಿಕೆಯೊಳಗೆ ಮುಚ್ಚಳ ಬಿಗಿದ ಹಾರ್ಲಿಕ್ಸ್ ಬಾಟಲಿ, ಬಾಟಲಿಯಲ್ಲಿ ಎರಡು ಪುಟ್ಟ ಇನ್ಸುಲಿನ್ ಸೀಸೆ. ಎಲ್ಲದರ ಮೇಲೆ ಹೂವಿನ ಬುಟ್ಟಿಗೆ ಹೊದಿಸುವಂಥ ಒದ್ದೆ ಬಟ್ಟೆ. ಬುಟ್ಟಿಗೆ ನೀರು ಚಿಮುಕಿಸುವಾಗಲೆಲ್ಲ ಮಡಕೆಗೂ ಚಿಮುಕಿಸುತ್ತಿದ್ದಳು. ಇನ್ಸುಲಿನ್ ಹೇಗೋ ಸಿಗುತ್ತಿತ್ತು, ಸ್ಟ್ರಿಪ್ಪಿಗೆ ಮಾತ್ರ ಕೈಯಿಂದ ಹಾಕಬೇಕು. "ಬೆಳಿಗ್ಗೆ ಒಂದ್ಸಲ ನೋಡ್ತೀನಿ ಅಕ್ಕಾ. ಆಮೇಲಿಂದು ಅವನ ಮುಖ ನೋಡಿದ್ರೇ ಗೊತ್ತಾಗುತ್ತೆ" ಎಂದಳು. ಮುಖ ಬೆವೆತರೆ, ಮಾತು ತೊದಲಿದರೆ, ಒಂದು ಚಮಚ ಸಕ್ಕರೆ. ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು, ಮಲಗಿದವನ ಕತ್ತು ಮುಟ್ಟಿ ನೋಡುತ್ತಾಳಂತೆ. ಒದ್ದೆಯಿದ್ದರೆ ಎಬ್ಬಿಸುತ್ತಾಳೆ.

ಇಂಥ ನಲವತ್ತು ಮಕ್ಕಳನ್ನು ನೋಡಿಕೊಳ್ಳುವ ಒಂದು ಸಣ್ಣ ಟ್ರಸ್ಟು ನಮ್ಮ ಕಡೆ ಇತ್ತು. ಒಬ್ಬ ಡಾಕ್ಟರು, ಒಬ್ಬ ನರ್ಸು, ಒಂದು ಬೀರು, ಒಂದು ರಸೀದಿ ಪುಸ್ತಕ. ನನಗೆ ಆ ಹೊತ್ತಿಗಾಗಲೇ ಓಡುವ ಹುಚ್ಚು ಹಿಡಿದು ಬಹಳ ಕಾಲವಾಗಿತ್ತು. ಲಾಲ್‌ಬಾಗಿನ ಬೆಳಗಿನ ಸುತ್ತಿನಿಂದ ಶುರುವಾದದ್ದು ಶ್ರೀರಂಗಪಟ್ಟಣದ ಕಾಲುವೆ ಏರಿಯ ಮೇಲಿನ ಮ್ಯಾರಥಾನ್ ಮುಟ್ಟಿ, ಆಮೇಲೆ ಮ್ಯಾರಥಾನೂ ಸಾಲದಾಯಿತು. ಕಂಠೀರವ ಕ್ರೀಡಾಂಗಣದಲ್ಲಿ 24 ಗಂಟೆಯ ಓಟವಿದೆ ಎಂದು ಗೊತ್ತಾದಾಗ ಎರಡನ್ನೂ ಗಂಟು ಹಾಕುವ ಯೋಚನೆ ಬಂತು.

ಈ ಓಟ ಕಂಡಿರದವರಿಗೆ ಸ್ವಲ್ಪ ಹೇಳಬೇಕು. ಇಷ್ಟು ದೂರ ಓಡಬೇಕೆಂಬ ಕಟ್ಟಳೆ ಇದರಲ್ಲಿಲ್ಲ. 400 ಮೀಟರಿನ ಟ್ರ್ಯಾಕಿನಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ ಎಷ್ಟು ಸುತ್ತು ಹಾಕುತ್ತೀರೋ ಅಷ್ಟು ನಿಮ್ಮದು. ಓಡಬಹುದು, ನಡೆಯಬಹುದು, ಡೇರೆಯಲ್ಲಿ ಮಲಗಲೂಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಕಾಲಿಗೆ ಕಟ್ಟಿದ ಚಿಪ್ ನೆಲದ ಮೇಲಿನ ಮ್ಯಾಟ್ ದಾಟುವಾಗಲೊಮ್ಮೆ ಬೀಪ್ ಎನ್ನುತ್ತದೆ, ಲೆಕ್ಕಕ್ಕೆ ಒಂದು ಸುತ್ತು ಸೇರುತ್ತದೆ. 400 ಮೀಟರೆಂಬುದು ತೀರ ಒಳಗಿನ ಲೇನಿನ ಅಳತೆ. ಮುಂದಿನವರನ್ನು ದಾಟಲು ಎರಡನೇ ಲೇನಿಗೆ ಸರಿದು ಅಲ್ಲೇ ಒಂದು ಸುತ್ತು ಬಂದರೆ ಏಳು ಮೀಟರು ಹೆಚ್ಚಿಗೆ ಓಡಿರುತ್ತೀರಿ, ಅದನ್ನು ಯಾರೂ ಎಣಿಸುವುದಿಲ್ಲ. ಗ್ರೀಸ್ ಮೂಲದ ಯಾನ್ನಿಸ್ ಕೂರೋಸ್ 1997ರಲ್ಲಿ ಅಡಿಲೇಡಿನ ಟ್ರ್ಯಾಕಿನಲ್ಲಿ ಹೀಗೆ 303 ಕಿಲೋಮೀಟರು ಓಡಿದ್ದ. ಲಿಥುವೇನಿಯಾದ ಅಲೆಕ್ಸಾಂಡರ್ ಸೊರೋಕಿನ್ 2022ರಲ್ಲಿ ಇಟಲಿಯ ವೆರೋನಾದಲ್ಲಿ 319 ಮುಟ್ಟಿದ. ಅದೇ ವರ್ಷದ ಜುಲೈನಲ್ಲಿ ಇದೇ ಕಂಠೀರವದಲ್ಲಿ ಏಷ್ಯಾ ಓಷಿಯಾನಿಯಾ ಚಾಂಪಿಯನ್‌ಶಿಪ್ ನಡೆದು ನಮ್ಮ ಗಂಡಸರ ತಂಡ ಚಿನ್ನ ಗೆದ್ದಿತು. ನಾನು ಓಡಿದ್ದು ಅದಕ್ಕೂ ಮುಂಚೆ, ಕೊರೊನಾಕ್ಕೂ ಮುಂಚೆ. ಆ ಸಾಲಿಗೆ ಸೇರಿದವಳೂ ನಾನಲ್ಲ. ನನ್ನ ಆಸೆ ಇಷ್ಟೇ: ಸುತ್ತಿಗೆ ಇಷ್ಟು ಎಂದು ಜನರಿಂದ ಮಾತು ತೆಗೆದುಕೊಳ್ಳುವುದು, ಓಡಿ ಮುಗಿಸಿ ವಸೂಲಿ ಮಾಡುವುದು. ಸುತ್ತಿಗೊಂದು ಸ್ಟ್ರಿಪ್ ಎಂದು ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಫೋಟೊ ತೆಗೆದು ಎಲ್ಲರಿಗೂ ಕಳಿಸಿದೆ.

ಮೊದಲು ಫೋನ್ ಮಾಡಿದವರು ಮೈಸೂರಿನ ಚಿಕ್ಕಪ್ಪ. ಎಂಬತ್ತರ ಹತ್ತಿರದ ಮೇಷ್ಟ್ರು. "ಅಲ್ಲಮ್ಮಾ, ಮಕ್ಕಳಿಗೆ ಔಷಧಿಗೆ ದುಡ್ಡು ಬೇಕು. ಸರಿ. ಅದಕ್ಕೆ ನೀನ್ಯಾಕೆ ಓಡಬೇಕು?"

ನಾನು ಏನೋ ವಿವರಿಸಹೋದೆ. ಹೊರದೇಶಗಳಲ್ಲಿ ಹೀಗೆ ಮಾಡುತ್ತಾರೆ, ಜನರ ಗಮನ ಸೆಳೆಯುತ್ತದೆ, ಇತ್ಯಾದಿ.

"ನಾನು ವಾರಾನ್ನ ಉಂಡು ಓದಿದವನು. ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ. ಒಬ್ಬರೂ 'ಮೊದಲು ಅಂಗಳದಲ್ಲಿ ನಾಲ್ಕು ಸುತ್ತು ಓಡು, ಆಮೇಲೆ ಎಲೆ ಹಾಕ್ತೀವಿ' ಅನ್ನಲಿಲ್ಲ."

ಆ ಅನ್ನವನ್ನು ಜಾತಿ ನೋಡಿಯೇ ಬಡಿಸುತ್ತಿದ್ದರು ಎಂಬುದು ಚಿಕ್ಕಪ್ಪನಿಗೂ ಗೊತ್ತು, ನನಗೂ ಗೊತ್ತು. ಆದರೂ ಅವರ ಪ್ರಶ್ನೆ ಪ್ರಶ್ನೆಯೇ. ಉತ್ತರ ನನ್ನ ಬಳಿ ಇರಲಿಲ್ಲ. ತಯಾರಿಯ ತಿಂಗಳುಗಳಲ್ಲಿ, ಮುಂಜಾನೆ ನಾಲ್ಕಕ್ಕೆ ನಾಯಿಗಳಿಗೆ ಹೆದರಿ ಕೈಯಲ್ಲಿ ಕೋಲು ಹಿಡಿದು ಓಡುವಾಗೆಲ್ಲ ಅದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ.

ಹೀಗೆ ಓಡುವವರೆಲ್ಲರ ಬಾಯಲ್ಲಿ ಬರುವ ಹೆಸರು ಕೆನಡಾದ ಟೆರಿ ಫಾಕ್ಸ್. ಮೂಳೆ ಕ್ಯಾನ್ಸರಿಗೆ ಬಲಗಾಲು ಕಳೆದುಕೊಂಡ ಹುಡುಗ. 1980ರ ಏಪ್ರಿಲ್‌ನಲ್ಲಿ ಕೃತಕ ಕಾಲು ಕಟ್ಟಿಕೊಂಡು ದೇಶದ ಪೂರ್ವ ತುದಿಯಿಂದ ಹೊರಟ. ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನಿನಷ್ಟು ದೂರ, 143 ದಿನ, 5,373 ಕಿಲೋಮೀಟರು. ಥಂಡರ್ ಬೇ ಊರಿನ ಬಳಿ ಉಸಿರು ಕಟ್ಟಿತು, ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಮರುವರ್ಷ ಜೂನ್‌ನಲ್ಲಿ ತೀರಿಕೊಂಡಾಗ ಅವನಿಗೆ 22 ವರ್ಷ. ಅವನು ಕೇಳಿದ್ದು ದೇಶದ ತಲೆಗೊಂದು ಡಾಲರ್. ಸಾಯುವ ಮುಂಚೆಯೇ 2 ಕೋಟಿ 40 ಲಕ್ಷ ಡಾಲರ್ ಕೂಡಿತ್ತು, ಆಗಿನ ಕೆನಡಾದ ಜನಸಂಖ್ಯೆಯಷ್ಟು. ನನಗೆ ವಿಚಿತ್ರವೆನಿಸಿದ್ದು ಇನ್ನೊಂದು ಡಾಲರ್. ಇನ್ಸುಲಿನ್ ಕಂಡುಹಿಡಿದದ್ದೂ ಅದೇ ಕೆನಡಾದಲ್ಲೇ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲು ಚುಚ್ಚಿದರು. ಮರುವರ್ಷ ಕಂಡುಹಿಡಿದವರು ಅದರ ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದೊಂದು ಡಾಲರಿಗೆ ಬರೆದುಕೊಟ್ಟರು, ಎಲ್ಲರಿಗೂ ಅಗ್ಗವಾಗಿ ಸಿಗಲಿ ಎಂದು. ಅದಾಗಿ ನೂರು ವರ್ಷವಾಗುತ್ತಾ ಬಂದರೂ ಶೀಟಿನ ಮನೆಯ ಹುಡುಗನ ಸ್ಟ್ರಿಪ್ಪಿಗಾಗಿ ನನ್ನಂಥ ಗುಮಾಸ್ತೆಯೊಬ್ಬಳು ಚಡ್ಡಿ ಹಾಕಿಕೊಂಡು ಓಡಬೇಕಾಗಿ ಬಂದಿತ್ತು. ಚಿಕ್ಕಪ್ಪನ ಸಿಟ್ಟು ಅರ್ಥವಾಗದ್ದೇನಲ್ಲ.

ಕೇಳುವ ಕೆಲಸ ಶುರುವಾಯಿತು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಕೈಮುಗಿದ ಚಿತ್ರ ಹಾಕಿದರು, ಹೆಬ್ಬೆರಳು ಎತ್ತಿದರು. ದುಡ್ಡಿನ ಮಾತು ಆಡಿದವರು ಐದಾರು. ಅಮೆರಿಕದಲ್ಲಿರುವ ಅಕ್ಕನ ಮಗ ಸುತ್ತಿಗೆ ಒಂದು ಡಾಲರ್ ಎಂದು ಎಲ್ಲರಿಗಿಂತ ಮೇಲೆ ಹಾರಿದ. ಅವನು ಅಲ್ಲಿಯ ಪ್ರಜೆ. ವಿದೇಶಿ ದೇಣಿಗೆಯ ಕಾಯ್ದೆಯ ನೋಂದಣಿಯಿಲ್ಲದ ಟ್ರಸ್ಟು ಅವನಿಂದ ಒಂದು ಪೈಸೆ ತೆಗೆದುಕೊಂಡರೂ ತಪ್ಪು. ಬೇಡವೆಂದು ಹೇಳಿ ಒಪ್ಪಿಸುವಷ್ಟರಲ್ಲಿ ಸಾಕಾಯಿತು. ನಗದು ಕೊಡುವೆನೆಂದ ಅಂಗಡಿಯವರಿಗೆ, ಎರಡು ಸಾವಿರಕ್ಕಿಂತ ಮೇಲಿನ ನಗದಿಗೆ ಎಂಬತ್ತು ಜಿ ತೆರಿಗೆ ರಿಯಾಯಿತಿ ಇಲ್ಲವೆಂದು ತಿಳಿಹೇಳಬೇಕಾಯಿತು. ತೆರಿಗೆ ಕಟ್ಟುವಷ್ಟು ಆದಾಯ ತೋರಿಸದವರೂ ರಿಯಾಯಿತಿಯ ಬಗ್ಗೆ ಗಂಭೀರವಾಗಿ ವಿಚಾರಿಸಿದರು.

ನಮ್ಮ ಆಫೀಸಿನ ಕ್ಯಾಷಿಯರ್ ಸಾಹೇಬರು ಮಾತ್ರ ತಕ್ಷಣ ಪೆನ್ನು ತೆಗೆದು ಸುತ್ತಿಗೆ ಹತ್ತು ರೂಪಾಯಿ ಬರೆದರು. ಬರೆದು, "ಎಷ್ಟು ಹಾಕ್ತೀರಿ ಮೇಡಂ, ಒಂದೈವತ್ತು?" ಎಂದರು. ನೋಡೋಣ ಸಾರ್ ಎಂದೆ. ಆ ಕ್ಷಣಕ್ಕೆ ಲೆಕ್ಕ ಬಿಡಿಸಿ ಹೇಳುವ ಉತ್ಸಾಹ ನನಗಿರಲಿಲ್ಲ.

ಹೀಗೆ ಕೇಳುತ್ತಾ ಹೋದಂತೆ ಒಂದು ಹೊಳೆಯಿತು. ಬರೀ "ಮಕ್ಕಳಿಗೆ ಕೊಡಿ" ಎಂದಾಗ ಎದುರಿನವರ ಮುಖ ಬಿಗಿಯುತ್ತಿತ್ತು. ಕೊಡಲಾಗದವರಿಗೆ ನಾಚಿಕೆ, ಕೊಡಬಲ್ಲವರಿಗೆ ಎಷ್ಟು ಕೊಟ್ಟರೆ ಮರ್ಯಾದೆಯೆಂಬ ಗೊಂದಲ, ಕೇಳುವ ನನಗೆ ಕೈಯೊಡ್ಡಿದ ಸಂಕೋಚ. ಸುತ್ತಿನ ಮಾತು ಬಂದೊಡನೆ ಅದೆಲ್ಲ ಸಡಿಲವಾಗುತ್ತಿತ್ತು. ಒಂದು ಪಂದ್ಯ ಕಟ್ಟಿದ ಹಾಗೆ. ಒಂದು ರೂಪಾಯಿ ಬರೆದವರೂ ನಕ್ಕೊಂಡು ಬರೆದರು. ಓಟ ನಮ್ಮಿಬ್ಬರ ಮಾನ ಮುಚ್ಚುವ ಪರದೆಯಾಗಿತ್ತು. ಇದನ್ನು ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ. "ನಮಗೆ ಪರದೆ ಇರಲಿಲ್ಲಮ್ಮ" ಎಂದರು, ಅಷ್ಟೇ.

ಓಟ ಶನಿವಾರ ಸಂಜೆ ಶುರುವಾಯಿತು. ಮೊದಲ ಕೆಲವು ಗಂಟೆ ಹೇಳುವಂಥದ್ದೇನಿಲ್ಲ. ಕಾಲಲ್ಲಿ ಕಸುವಿರುವಾಗ ಎಲ್ಲರೂ ಓಡುತ್ತಾರೆ. ಕಬ್ಬನ್ ಪಾರ್ಕಿನ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು, ಹೊರಗೆ ಕಸ್ತೂರಬಾ ರಸ್ತೆಯ ಹಾರ್ನುಗಳು ಹೊತ್ತು ಹೋದಂತೆ ಕಡಿಮೆಯಾದವು. ನನ್ನ ಯಜಮಾನರು ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಡಬ್ಬಿಗಳಲ್ಲಿ ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಮೊಸರನ್ನ, ಖರ್ಜೂರ, ರಾಗಿ ಅಂಬಲಿ, ಬೆಲ್ಲ ನಿಂಬೆಯ ಪಾನಕ. ಅತ್ತೆಯವರೂ ಹಟ ಹಿಡಿದು ಬಂದಿದ್ದರು. ಸ್ವಲ್ಪ ಹೊತ್ತು ನೋಡಿದವರೇ ನಾನು ಹತ್ತಿರ ಬಂದಾಗ ಗದರಿದರು.

"ಎಲ್ಲರೂ ಎಡಕ್ಕೇ ಸುತ್ತುತಾ ಇದೀರಲ್ಲೇ! ಇದು ಅಪ್ರದಕ್ಷಿಣೆ."

ನಿಜ. ಪ್ರಪಂಚದ ಟ್ರ್ಯಾಕುಗಳೆಲ್ಲ ಅಪ್ರದಕ್ಷಿಣೆಯೇ. ಒಂದೇ ಕಡೆ ಸುತ್ತಿದರೆ ಒಂದು ಮಗ್ಗುಲಿನ ಮಂಡಿ, ಪಾದಕ್ಕೆ ಭಾರ ಹೆಚ್ಚು ಬೀಳುತ್ತದೆಂದು ಈ ಓಟದಲ್ಲಿ ಕೆಲವು ಗಂಟೆಗೊಮ್ಮೆ ದಿಕ್ಕು ಬದಲಿಸುತ್ತಾರೆ. ಬದಲಿಸಿದಾಗ ಎಲ್ಲರ ಮುಖದಲ್ಲೂ ಗೆಲುವು. ಅತ್ತೆಯವರಿಗಂತೂ ಪರಮ ಸಂತೋಷ, "ಈಗ ಸರಿಯಾಯ್ತು ನೋಡು" ಎಂದು ಅಲ್ಲಿದ್ದ ಟೈಮಿಂಗ್ ಹುಡುಗನಿಗೂ ಶಾಸ್ತ್ರ ವಿವರಿಸಿದರು.

ಹತ್ತು ಗಂಟೆಗೆ ಯಜಮಾನರ ಫೋನಿಗೆ ಕ್ಯಾಷಿಯರ್ ಸಾಹೇಬರ ಕರೆ. ಎಷ್ಟು ಸುತ್ತಾಯಿತೆಂದು ಕೇಳಿದರಂತೆ. ನೂರರ ಹತ್ತಿರ ಎಂದಾಗ ಒಂದು ನಿಮಿಷ ಮಾತಿಲ್ಲ. ಆಮೇಲೆ, "ಮೇಡಂಗೆ ಆರೋಗ್ಯ ನೋಡ್ಕೊಳ್ಳೋಕೆ ಹೇಳಿ. ರಾತ್ರಿ ಮಂಜು ಬೇರೆ ಬೀಳುತ್ತೆ."

ಮಧ್ಯರಾತ್ರಿ ದಾಟಿದ ಮೇಲಿನದು ಬೇರೆಯೇ ಲೋಕ. ಓಡುವಾಗ ರಕ್ತವೆಲ್ಲ ಕಾಲಿನ ಕಡೆ ಹರಿದು ಹೊಟ್ಟೆ ಕೆಲಸ ನಿಲ್ಲಿಸುತ್ತದೆ. ಆಲೂಗಡ್ಡೆ ನೋಡಿದರೆ ವಾಕರಿಕೆ, ಗಂಜಿಯ ತಿಳಿ ಮಾತ್ರ ಒಂದೊಂದು ಗುಟುಕು ಇಳಿಯುತ್ತಿತ್ತು. ಎಡ ಕಿರುಬೆರಳ ಪಕ್ಕ ನೀರುಗುಳ್ಳೆ ಎದ್ದು ಶೂ ತುಂಬ ಅದೇ ಇದ್ದಂತಾಯಿತು. ಸೂಜಿಯಿಂದ ಚುಚ್ಚಿ, ಒತ್ತಿ, ಪ್ಲಾಸ್ಟರು ಸುತ್ತಿ, ಕೊಬ್ಬರಿ ಎಣ್ಣೆ ಬಳಿದು ಮತ್ತೆ ಎದ್ದೆ. ಓಟ ಹೋಗಿ ನಡಿಗೆಯಾಯಿತು. ಮೂಲೆಯ ಕಂಬದಿಂದ ಕಂಬಕ್ಕೆ ಓಡುವುದು, ಮುಂದಿನ ಕಂಬಕ್ಕೆ ನಡೆಯುವುದು. ಯಾರೋ ನಡೆಯುತ್ತಲೇ ನಿದ್ದೆ ಹೋಗಿ ಒಳಗಿನ ಹುಲ್ಲಿನ ಮೇಲೆ ಹೊರಳಿದರು. ಎರಡು ಗಂಟೆಗೆ ಹೂವಿನವಳ ಅಲಾರಂ ಹೊಡೆದಿರುತ್ತದೆ ಎಂದುಕೊಂಡೆ.

ಅದಾಗಿ ಸ್ವಲ್ಪ ಹೊತ್ತಿಗೆ ನನ್ನ ಕೈ ನಡುಗತೊಡಗಿತು. ತಣ್ಣನೆ ಬೆವರು, ಕಣ್ಣ ಮುಂದೆ ಚುಕ್ಕಿ. ವೈದ್ಯಕೀಯ ಡೇರೆಯಲ್ಲಿ ಕೂರಿಸಿದರು. ಸಕ್ಕರೆ ಇಳಿದಿದೆ, ಆ ಮಗುವಿಗೆ ಆಗುವಂಥದ್ದೇ ನನಗೂ ಆಗುತ್ತಿದೆ ಎಂದು ಮನಸ್ಸು ಆಗಲೇ ಒಂದು ಕಥೆ ಹೆಣೆಯುತ್ತಿತ್ತು. ಹುಡುಗಿಯೊಬ್ಬಳು ಬೆರಳು ಚುಚ್ಚಿ ಸ್ಟ್ರಿಪ್ಪಿಗೆ ಹನಿ ತಾಗಿಸಿದಳು. ತೊಂಬತ್ತೆರಡು. "ನಾರ್ಮಲ್ ಇದೆ ಮೇಡಂ. ಚಳಿ, ಸುಸ್ತು ಅಷ್ಟೇ. ಸ್ವೆಟರ್ ಹಾಕ್ಕೊಳ್ಳಿ." ಹೇಳಿದರೆ ಕೆಟ್ಟದಾಗಿ ಕೇಳಿಸುತ್ತದೆ, ನನಗೆ ನಿರಾಸೆಯೇ ಆಯಿತು. ಹತ್ತು ಗಂಟೆ ಓಡಿದರೂ ಅನ್ನ ಸೇರದಿದ್ದರೂ ನನ್ನ ಪಿತ್ತಜನಕಾಂಗ ಕೂಡಿಟ್ಟದ್ದನ್ನು ಬಿಡಿಬಿಡಿಯಾಗಿ ರಕ್ತಕ್ಕೆ ಬಿಡುತ್ತಿತ್ತು, ನನ್ನ ಇನ್ಸುಲಿನ್ ತಾನಾಗಿಯೇ ತಗ್ಗಿತ್ತು. ಆ ಹುಡುಗನಿಗೆ ಒಮ್ಮೆ ಚುಚ್ಚಿದ ಔಷಧಿಯನ್ನು ಒಳಗಿನಿಂದ ತಗ್ಗಿಸುವ ಉಪಾಯವಿಲ್ಲ. ಎಷ್ಟೇ ಸುತ್ತಿದರೂ ಅವನ ಪಾಡು ನನ್ನದಾಗುವುದಿಲ್ಲ. ಒಂದು ಸ್ಟ್ರಿಪ್ಪನ್ನು ದಂಡ ಮಾಡಿದ್ದಂತೂ ಆಯಿತು ಎಂದುಕೊಂಡು, ಸ್ವೆಟರ್ ಏರಿಸಿ, ಟ್ರ್ಯಾಕಿಗೆ ಇಳಿದೆ.

ಬಿಸಿಲೇರಿದ ಮೇಲೆ ನೋವು ಹಳೆಯದಾಗಿ, ಅದರ ಜೊತೆಗೇ ನಡೆಯುವುದು ಅಭ್ಯಾಸವಾಯಿತು. ಹೂವಿನವಳು ಬರಲಿಲ್ಲ, ಭಾನುವಾರ ಬೆಳಿಗ್ಗೆ ಅವಳಿಗೆ ವ್ಯಾಪಾರ ಜಾಸ್ತಿ. ಆಫೀಸಿನವರು ಕೆಲವರು ಬಂದು ಒಂದೆರಡು ಸುತ್ತು ಜೊತೆಗೆ ನಡೆದು ಸೆಲ್ಫಿ ತೆಗೆದುಕೊಂಡರು. ಸಂಜೆ ಗಂಟೆ ಬಾರಿಸಿದಾಗ ಲೆಕ್ಕ ಮುನ್ನೂರ ಅರವತ್ತಕ್ಕೆ ಬಂದಿತ್ತು, 144 ಕಿಲೋಮೀಟರು. ಗೆದ್ದವರಿಗೆ ಅದು ಲೆಕ್ಕಕ್ಕೇ ಇಲ್ಲ. ಫೋನಿನಲ್ಲಿ ಹೇಳಿದಾಗ ಚಿಕ್ಕಪ್ಪ, "ಅಷ್ಟು ದೂರಕ್ಕೆ ಮೈಸೂರಿಗೇ ಬಂದುಬಿಡಬಹುದಿತ್ತಲ್ಲಮ್ಮ, ಊಟವಾದರೂ ಮಾಡಬಹುದಿತ್ತು" ಎಂದರು.

ವಸೂಲಿಗೆ ಓಟಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಕ್ಯಾಷಿಯರ್ ಸಾಹೇಬರ ಪಾಲಿಗೆ ಮೂರು ಸಾವಿರದ ಆರುನೂರು ಬಂದಿತ್ತು. ಹಾಳೆ ತೋರಿಸಿದಾಗ ಅವರು ಬಹಳ ಹೊತ್ತು ಸುತ್ತಿನ ಸಂಖ್ಯೆಯನ್ನೇ ನೋಡಿದರು. "ಮನುಷ್ಯರು ಇಷ್ಟು ಓಡ್ತಾರೆ ಅಂತ ಯಾರಿಗೆ ಗೊತ್ತಿತ್ತು ಮೇಡಂ" ಎಂದು ಕಂತಿನಲ್ಲಿ ಕೊಡುವುದಾಗಿ ಒಪ್ಪಿ, ಹೇಳಿದ ತಾರೀಖಿಗೆ ಸರಿಯಾಗಿ ಕೊಟ್ಟರು. ಕೈಮುಗಿದ ಚಿತ್ರ ಹಾಕಿದವರು ಮತ್ತೊಂದು ಕೈಮುಗಿದ ಚಿತ್ರ ಹಾಕಿದರು. ಎಲ್ಲ ಸೇರಿ ಒಂದೂಕಾಲು ಲಕ್ಷ.

ಟ್ರಸ್ಟಿನಲ್ಲಿ ಡಾಕ್ಟರು ಚಹಾ ತರಿಸಿ, ಹಳೆಯ ಲೆಟರ್‌ಹೆಡ್ಡಿನ ಹಿಂದೆ ಲೆಕ್ಕ ಹಾಕಿದರು. ಆರು ಸಾವಿರದ ಇನ್ನೂರೈವತ್ತು ಸ್ಟ್ರಿಪ್. ನಲವತ್ತು ಮಕ್ಕಳು, ದಿನಕ್ಕೆ ನಾಲ್ಕು. ಮೂವತ್ತೊಂಬತ್ತು ದಿನ. ಅವರೇನೂ ಬೇಸರದಿಂದ ಹೇಳಲಿಲ್ಲ, ತುಂಬ ಉಪಕಾರವಾಯಿತು ಎಂದೇ ಹೇಳಿದರು. ನನ್ನ ಕಾಲುಗುರು ಎರಡು ಕಪ್ಪಗಾಗಿ ಉದುರಿ ಹೊಸದು ಅರ್ಧ ಬರುವ ಮೊದಲೇ ಸ್ಟ್ರಿಪ್ಪು ಮುಗಿಯುತ್ತಿತ್ತು. ಆ ಉಗುರುಗಳ ಬಗ್ಗೆ ಕೇಳದವರಿಲ್ಲ. ರಾತ್ರಿ ನಿದ್ದೆ ಹೇಗೆ ತಡೆದಿರಿ, ಬಾತ್‌ರೂಮಿಗೆ ಏನು ಮಾಡಿದಿರಿ, ಈಗ ಮಂಡಿ ಹೇಗಿದೆ. ಮಕ್ಕಳ ಬಗ್ಗೆ ಒಬ್ಬರೂ ಕೇಳಲಿಲ್ಲ. ಪರದೆ ಎಷ್ಟು ಚೆನ್ನಾಗಿತ್ತೆಂದರೆ ಅದರ ಹಿಂದೆ ಏನಿದೆಯೆಂದು ಯಾರಿಗೂ ನೋಡಬೇಕೆನಿಸಲಿಲ್ಲ. ಟೆರಿ ಫಾಕ್ಸನ ವಿಷಯ ಬೇರೆ, ಕ್ಯಾನ್ಸರು ಅವನ ಮೈಯಲ್ಲೇ ಇತ್ತು. ಓಟ ನೋಡಿದವರಿಗೆ ಕಾಯಿಲೆಯೂ ಕಾಣುತ್ತಿತ್ತು. ನನ್ನನ್ನು ನೋಡಿದವರಿಗೆ ಬರೀ ನಾನು ಕಾಣುತ್ತಿದ್ದೆ.

ಹೂವಿನವಳ ಮಗ ಮಾತ್ರ ಬೇರೆ ಪ್ರಶ್ನೆ ಕೇಳಿದ. "ಆಂಟಿ, ಅಷ್ಟು ಓಡಿದ್ರೆ ಇನ್ಸುಲಿನ್ ಕಮ್ಮಿ ಹಾಕ್ಕೋಬೇಕಲ್ವಾ? ನೀವೆಷ್ಟು ಹಾಕ್ಕೊಂಡ್ರಿ?" ಎಲ್ಲರೂ ಚುಚ್ಚಿಕೊಳ್ಳುತ್ತಾರೆಂದೇ ಅವನ ನಂಬಿಕೆ. ಸ್ಕೂಲಿನಲ್ಲಿ ಆಟದ ಪಿರಿಯಡ್ಡಿಗೆ ಮುಂಚೆ ಎರಡು ಬಿಸ್ಕತ್ತು ತಿನ್ನುವ ತನ್ನ ಲೆಕ್ಕವನ್ನೂ ಹೇಳಿಕೊಟ್ಟ.

ಮುಂದಿನ ಯುಗಾದಿಗೆ ಮೈಸೂರಿಗೆ ಹೋದಾಗ ಚಿಕ್ಕಪ್ಪನೇ ಮಾತು ತೆಗೆದರು. ಎಂಬತ್ತು ರೂಪಾಯಿ ದಿನಕ್ಕೆ, ಒಂದು ಮಗುವಿಗೆ, ಅಲ್ಲವೇ ಎಂದು ಖಚಿತ ಮಾಡಿಕೊಂಡರು. "ಏಳು ಮನೆ ಹಿಡಿ. ಒಂದೊಂದು ಮನೆಗೆ ವಾರದಲ್ಲಿ ಒಂದು ದಿನ. ತಿಂಗಳಿಗೆ ಮುನ್ನೂರೈವತ್ತು ಕೂಡ ಆಗಲ್ಲ. ಮನೆಗೆ ಮಗುವಿನ ಹೆಸರು ಗೊತ್ತಿರಬೇಕು, ಮಗುವಿಗೆ ಮನೆ ಗೊತ್ತಿರಬೇಕಾಗಿಲ್ಲ. ನಮಗೆ ಅದೇ ಕಷ್ಟವಾಗ್ತಿದ್ದದ್ದು." ತಟ್ಟೆ ಮುಂದೆ ಕೂತು ಎದುರಿನವರ ಮುಖ ನೋಡುತ್ತಾ ಉಣ್ಣುವುದು ಹೇಗಿರುತ್ತದೆಂದು ಅವರು ಹಿಂದೆಂದೂ ನನಗೆ ಹೇಳಿರಲಿಲ್ಲ, ಅಂದೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಶನಿವಾರ ತಮಗಿರಲಿ ಎಂದರು. ಶನಿವಾರ ಅವರಿಗೆ ಒಪ್ಪತ್ತು, ರಾತ್ರಿಯ ಊಟದ ಖರ್ಚು ಉಳಿಯುತ್ತದಂತೆ.

ಬೆಂಗಳೂರಿಗೆ ಬಂದು ಮತ್ತೆ ಹಾಳೆ ಹಿಡಿದು ಹೊರಟೆ. ಈ ಸಲ ಓಟವಿಲ್ಲ, ಸುತ್ತಿಲ್ಲ, ನಗುವೂ ಸ್ವಲ್ಪ ಕಡಿಮೆ. ಕಳೆದ ಸಲ ಸಾವಿರಗಟ್ಟಲೆ ಕೊಟ್ಟವರಲ್ಲಿ ಅರ್ಧಕ್ಕರ್ಧ ಜನ ತಿಂಗಳಿಗೆ ಮುನ್ನೂರೈವತ್ತು ಎಂದಾಗ "ನೋಡಿ ಹೇಳ್ತೀನಿ" ಎಂದು ಜಾರಿಕೊಂಡರು. ಒಮ್ಮೆ ಕೈಬಿಚ್ಚುವುದಕ್ಕಿಂತ ಪ್ರತಿ ತಿಂಗಳು ನೆನಪಿಟ್ಟುಕೊಳ್ಳುವುದು ದುಬಾರಿ. ಆದರೂ ಹನ್ನೊಂದು ಮಕ್ಕಳಿಗೆ ವಾರ ತುಂಬುವಷ್ಟು ಮನೆಗಳಾದವು. ಗುರುವಾರ, ಶುಕ್ರವಾರಕ್ಕೆ ಪೈಪೋಟಿ, ಸೋಮವಾರಕ್ಕೆ ಶಿವಭಕ್ತರು. ಮಂಗಳವಾರ ಮಾತ್ರ ಯಾರಿಗೂ ಬೇಡ. ಹೊಸ ಕೆಲಸ ಶುರುಮಾಡುವ ದಿನವಲ್ಲ ಎಂದು ಒಬ್ಬರು, ಮಂಗಳವಾರ ಕೊಟ್ಟ ದುಡ್ಡು ಕೈ ಸೇರುವುದಿಲ್ಲ ಎಂದು ಇನ್ನೊಬ್ಬರು. ಹೂವಿನವಳ ಮಗನ ಮಂಗಳವಾರ ಬಹಳ ದಿನ ಖಾಲಿಯೇ ಇತ್ತು, ನಾನೇ ಹಾಕುತ್ತಿದ್ದೆ. ಒಂದು ದಿನ ಕ್ಯಾಷಿಯರ್ ಸಾಹೇಬರು ಕೌಂಟರಿನಾಚೆಯಿಂದ ಹಾಳೆ ಎಳೆದುಕೊಂಡು ನೋಡಿ ಆ ಮಂಗಳವಾರದ ಚೌಕದಲ್ಲಿ ತಮ್ಮ ಹೆಸರು ಬರೆದರು.

"ಇದು ಫಿಕ್ಸೆಡ್ ತಾನೆ ಮೇಡಂ? ಸುತ್ತಿನ ಮೇಲೆ ಏರೋದಿಲ್ಲವಲ್ಲ?"